ಚಂದ್ರನಿಗೊಂದು ದೋಟಿ

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಸಾಲಗಳನ್ನು ತಲೆಯ ಮೇಲೆ ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ಎಣಿಸಿದ್ದರು. ಉಪಾಧ್ಯಾಯನಾದವನಿಗೆ ಇವುಗಳಲ್ಲದೆ ನಾಲ್ಕನೆಯದೊಂದು ಸಾಲವಿದೆ. ತರಗತಿಯಲ್ಲಿ ಎದ್ದುನಿಂತು ಪ್ರಶ್ನೆ ಕೇಳಿದ ಹುಡುಗನನ್ನು ಉತ್ತರ ಕೊಡದೆ ಕುಳ್ಳಿರಿಸಿದರೆ ಆ ದಿನದಿಂದಲೇ ಅದು ಬೆಳೆಯತೊಡಗುತ್ತದೆ. ಮೊದಲ ಮೂರನ್ನು ಯಜ್ಞ, ಅಧ್ಯಯನ, ಸಂತಾನಗಳಿಂದ ತೀರಿಸಬಹುದೆಂದು ಶಾಸ್ತ್ರವಿದೆ. ಈ ಶಿಷ್ಯಋಣವನ್ನು ತೀರಿಸುವ ಬಗೆಯನ್ನು ನಾನು ಓದಿದ ಯಾವ ಗ್ರಂಥವೂ ಹೇಳಲಿಲ್ಲ. ನನ್ನ ಮೇಲಿದ್ದ ಅಂತಹ ಒಂದು ಸಾಲದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

1991ನೆಯ ಇಸವಿಯ ಮಳೆಗಾಲ. ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಸಂಸ್ಕೃತದ ಅಧ್ಯಾಪಕನಾಗಿದ್ದೆ. ಒಂದು ದಿನ ವಿಜ್ಞಾನದ ಮಾಸ್ತರರು ರಜೆಯಲ್ಲಿದ್ದುದರಿಂದ ಅವರ ತರಗತಿ ನನ್ನ ಪಾಲಿಗೆ ಬಂತು. ಪಾಠಶಾಲೆಯಲ್ಲಿ ತರ್ಕ, ವ್ಯಾಕರಣಗಳನ್ನು ಓದಿ ಬಂದವನಿಗೆ ಭೌತಶಾಸ್ತ್ರದಲ್ಲಿ ಏನು ಅಧಿಕಾರ? ಪುಸ್ತಕವನ್ನು ತೆರೆದು, ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುತ್ತದೆ, ಅದಕ್ಕಿಂತ ವೇಗವಾಗಿ ಯಾವ ಸುದ್ದಿಯೂ ಹೋಗಲಾರದು ಎಂಬ ಭಾಗವನ್ನು ಓದಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತ. ಅವನ ತಂದೆ ಊರವರ ತೋಟಗಳಲ್ಲಿ ಅಡಿಕೆಮರವೇರಿ ಕೊನೆ ತೆಗೆಯುವ ಕೆಲಸದವನು.

“ಮಾಸ್ಟ್ರೇ, ಇಲ್ಲಿಂದ ಚಂದ್ರನಿಗೆ ಮುಟ್ಟುವಷ್ಟು ಉದ್ದದ ಒಂದು ದೋಟಿ ಉಂಟು ಅಂತ ಇಟ್ಟುಕೊಳ್ಳುವ. ನಾನು ಇಲ್ಲಿ ಬುಡ ದೂಡಿದರೆ ಅಲ್ಲಿ ತುದಿ ಆಗಲೇ ಮುಂದೆ ಹೋಗುತ್ತದಲ್ಲ? ಬೆಳಕಿಗಾದರೆ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಹಾಗಾದರೆ ದೋಟಿಯೇ ಬೇಗ ಅಲ್ಲವಾ?”

ಮಾವಿನ ಹಣ್ಣನ್ನೂ ಗಿಡ್ಡ ಮರದ ಅಡಿಕೆಯನ್ನೂ ಬಿದಿರಿನ ದೋಟಿಯಿಂದ ಕೊಯ್ದು ಬಲ್ಲ ಹುಡುಗನ ಪ್ರಶ್ನೆ ಅದು. ನನಗೆ ಉತ್ತರ ತಿಳಿಯದು. ಅಷ್ಟೇ ಅಲ್ಲ, ಅವನು ಹೇಳುವುದೇ ಸರಿಯೆಂದು ಮನಸ್ಸಿಗೆ ತೋರಿತು. ನಲುವತ್ತು ಮಕ್ಕಳ ಕಣ್ಣು ನನ್ನ ಮುಖದ ಮೇಲಿತ್ತು. “ಅಷ್ಟು ಉದ್ದದ ಬಿದಿರನ್ನು ನಿನ್ನ ಅಪ್ಪ ಯಾವ ಕಾಡಿನಿಂದ ಕಡಿದು ತರುತ್ತಾನೆ? ಕೂತುಕೋ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತುಕೊಂಡ. ಆ ವರ್ಷ ಮುಗಿಯುವವರೆಗೆ ಅವನು ಮತ್ತೆ ಏಳಲಿಲ್ಲ.

ನಗುವಿನ ಹಿಂದೆ ಅಜ್ಞಾನವನ್ನು ಅಡಗಿಸುವುದು ಉಪಾಧ್ಯಾಯರಿಗೆ ಸುಲಭವಾದ ಉಪಾಯ. ಆದರೆ ಅಡಗಿಸಿದುದು ಇತರರಿಗೆ ಕಾಣದಿದ್ದರೂ ಅಡಗಿಸಿದವನಿಗೆ ಕಾಣುತ್ತಲೇ ಇರುತ್ತದೆ. ನಿವೃತ್ತನಾದ ಮೇಲೆ ಒಂದು ದಿನ ಈ ಸಂಗತಿಯನ್ನು ನನ್ನಂತೆಯೇ ನಿವೃತ್ತರಾದ ಒಬ್ಬ ವಿಜ್ಞಾನದ ಮಾಸ್ತರರಲ್ಲಿ ಹೇಳಿಕೊಂಡೆ. ಬೆಂಗಳೂರಿಗೆ ಹೋಗುವ ಗಾಡಿಯನ್ನು ಕಾಯುತ್ತ ನಾವಿಬ್ಬರೂ ಬಂಟ್ವಾಳ ರೈಲ್ವೆ ನಿಲ್ದಾಣದಲ್ಲಿ ಕುಳಿತಿದ್ದೆವು. ಅವರು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎದುರಿನ ಹಳಿಯ ಮೇಲೆ ನಿಂತಿದ್ದ ಸರಕುಗಾಡಿಗೆ ಹಸುರು ದೀಪ ಬಿತ್ತು. ಎಂಜಿನು ಮುಂದಕ್ಕೆ ಜಗ್ಗಿತು. ಮೊದಲ ಡಬ್ಬಿಯ ಕೊಂಡಿ ‘ಖಣ್’ ಎಂದಿತು. ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಆ ಸದ್ದು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾರುತ್ತ ನಮ್ಮನ್ನು ದಾಟಿ ಗಾಡಿಯ ಬಾಲದ ಕಡೆಗೆ ಓಡಿತು. ಎಂಜಿನು ಹೊರಟು ಎಷ್ಟೋ ಹೊತ್ತಾದ ಬಳಿಕ ಕೊನೆಯ ಡಬ್ಬಿ ಕದಲಿತು.

“ಇದೇ ನಿಮ್ಮ ಹುಡುಗನ ದೋಟಿ” ಎಂದರು ನನ್ನ ಮಿತ್ರರು. “ಎಂಜಿನು ಹೊರಟಿತೆಂದು ಕೊನೆಯ ಡಬ್ಬಿಗೆ ತಿಳಿಯುವುದು ತನ್ನ ಮುಂದಿನ ಡಬ್ಬಿ ಎಳೆದಾಗ ಮಾತ್ರ. ಬಿದಿರಾಗಲಿ, ಉಕ್ಕಾಗಲಿ, ಕಲ್ಲಾಗಲಿ, ಎಲ್ಲವೂ ಇಂಥ ಗಾಡಿಗಳೇ. ಡಬ್ಬಿಗಳು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣವು.”

ಅವರ ವಿವರಣೆಯ ಸಾರವಿಷ್ಟು. ಗಟ್ಟಿಯಾದ ಪದಾರ್ಥವೆಂದರೆ ಒತ್ತೊತ್ತಾಗಿ ನಿಂತ ಪರಮಾಣುಗಳ ಸಮೂಹ. ಒಂದರ ಪಕ್ಕದಲ್ಲಿ ಇನ್ನೊಂದು ಸ್ಪ್ರಿಂಗಿನಿಂದ ಬಿಗಿದಂತೆ ಇರುತ್ತದೆ. ಕೋಲಿನ ಬುಡವನ್ನು ದೂಡಿದಾಗ ನಮ್ಮ ಕೈ ತಾಗಿದ ಪರಮಾಣುಗಳು ಮಾತ್ರ ಮುಂದಕ್ಕೆ ಸರಿಯುತ್ತವೆ. ಅವು ತಮ್ಮ ಮುಂದಿನವನ್ನು ಒತ್ತುತ್ತವೆ. ಒತ್ತಿಸಿಕೊಂಡವು ತಮ್ಮ ಜಡತ್ವವನ್ನು ಮೀರಿ ಸರಿದ ಮೇಲೆಯೇ ಅದರ ಮುಂದಿನವುಗಳ ಸರದಿ. ಈ ಒತ್ತಡದ ಅಲೆ ಕೋಲಿನಲ್ಲಿ ಸಾಗುವ ವೇಗವೂ ಆ ಕೋಲಿನಲ್ಲಿ ಶಬ್ದವು ಸಾಗುವ ವೇಗವೂ ಒಂದೇ. ಏಕೆಂದರೆ ಶಬ್ದವೆಂಬುದೂ ಇಂಥ ಒತ್ತಡದ ಅಲೆಯೇ. ಪದಾರ್ಥವು ಬಿರುಸಾದಷ್ಟೂ ಅಲೆಯ ವೇಗ ಹೆಚ್ಚುತ್ತದೆ. ಸಾಂದ್ರತೆ ಹೆಚ್ಚಿದಷ್ಟೂ ಕಡಮೆಯಾಗುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋಗುವ ಶಬ್ದವು ಉಕ್ಕಿನ ಸರಳಿನಲ್ಲಿ ಸುಮಾರು 5,000 ಮೀಟರು ಹೋಗುತ್ತದೆ.

ಇದು ಬರಿಯ ಊಹೆಯಲ್ಲ. ಫ್ರಾನ್ಸಿನ ಬಿಯೋ ಎಂಬ ವಿದ್ವಾಂಸರು 1808ರಲ್ಲಿ ಪ್ಯಾರಿಸಿನ ನೀರಿನ ಕೊಳವೆಗಳ ಸಾಲೊಂದರಲ್ಲಿ ಇದನ್ನು ಅಳೆದರು. 951 ಮೀಟರು ಉದ್ದದ ಆ ಕಬ್ಬಿಣದ ಕೊಳವೆಯ ಒಂದು ತುದಿಗೆ ಬಡಿದಾಗ ಇನ್ನೊಂದು ತುದಿಯಲ್ಲಿದ್ದವರಿಗೆ ಒಂದು ಬಡಿತಕ್ಕೆ ಎರಡು ಸದ್ದು ಕೇಳಿಸಿತು. ಮೊದಲನೆಯದು ಕಬ್ಬಿಣದ ಮೂಲಕ ಬಂದದ್ದು. ಸುಮಾರು ಎರಡೂವರೆ ಸೆಕೆಂಡು ತಡೆದು ಬಂದ ಎರಡನೆಯದು ಕೊಳವೆಯೊಳಗಿನ ಗಾಳಿಯದು. ಕಬ್ಬಿಣವು ಗಾಳಿಗಿಂತ ಬಹಳ ಬೇಗ ಸುದ್ದಿ ಮುಟ್ಟಿಸುತ್ತದೆ, ಆದರೆ ಅದಕ್ಕೂ ಹೊತ್ತು ಬೇಕು ಎಂಬುದು ಹೀಗೆ ಕಿವಿಗೇ ತಿಳಿಯಿತು.

ಗಾಡಿ ಹೊರಟುಹೋದ ಹಳಿಗಳನ್ನು ನೋಡುತ್ತ ನಾನು ಸುಮ್ಮನೆ ಕುಳಿತೆ. ನನ್ನನ್ನು ಚುಚ್ಚಿದುದು ಬೇರೊಂದು ವಿಷಯ. ಉತ್ತರವು ನನ್ನ ಕೈಯಲ್ಲಿಯೇ ಇತ್ತು. ನ್ಯಾಯಶಾಸ್ತ್ರವನ್ನು ಓದಿದವರೆಲ್ಲರೂ ಉತ್ಪಲಪತ್ರಶತಭೇದದ ದೃಷ್ಟಾಂತವನ್ನು ಬಲ್ಲರು. ನೂರು ನೈದಿಲೆಯ ಎಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ನೂರೂ ಒಂದೇ ಸಲ ತೂತಾದಂತೆ ಕಾಣುತ್ತದೆ. ವಾಸ್ತವದಲ್ಲಿ ಮೊದಲನೆಯದನ್ನು ದಾಟದೆ ಸೂಜಿಯು ಎರಡನೆಯದನ್ನು ಮುಟ್ಟಲಾರದು. ಕ್ರಮವಿದೆ, ಅತಿ ಶೀಘ್ರವಾದುದರಿಂದ ನಮಗೆ ತೋರುವುದಿಲ್ಲ. ಉದ್ದವಾದ ಚಕ್ಕುಲಿಯನ್ನು ಕಡಿಯುವಾಗ ರೂಪ, ರಸ, ಗಂಧ, ಸ್ಪರ್ಶ, ಶಬ್ದಗಳೈದೂ ಒಮ್ಮೆಗೇ ತಿಳಿದಂತೆ ಅನಿಸುವುದನ್ನೂ ನೈಯಾಯಿಕರು ಹೀಗೆಯೇ ಬಿಡಿಸುತ್ತಾರೆ. ಯೌಗಪದ್ಯವೆಂದು, ಎಂದರೆ ಏಕಕಾಲದಲ್ಲಿ ನಡೆಯಿತೆಂದು, ನಮಗೆ ತೋರುವುದು ಭ್ರಾಂತಿಯಾಗಿರಬಹುದು ಎಂಬುದು ಅವರ ಎಚ್ಚರಿಕೆ. ಶಬ್ದವು ಒಂದರಿಂದ ಒಂದು ಹುಟ್ಟುತ್ತ ಹರಡುತ್ತದೆ ಎಂಬುದಕ್ಕೆ ವೀಚೀತರಂಗನ್ಯಾಯವೆಂದು, ನೀರಿನ ಅಲೆಯ ಹೋಲಿಕೆಯನ್ನೂ ಅವರು ಕೊಟ್ಟಿದ್ದಾರೆ. ಇದರಿಂದ ನಮ್ಮ ಪೂರ್ವಿಕರಿಗೆ ಇಂದಿನ ವಿಜ್ಞಾನವೆಲ್ಲವೂ ತಿಳಿದಿತ್ತೆಂದು ಸಾರುವವರ ಸಾಲಿನಲ್ಲಿ ನಾನಿಲ್ಲ. ಅವರು ಈ ದೃಷ್ಟಾಂತವನ್ನು ಹೇಳಿದುದು ಮನಸ್ಸು ಅಣುವೆಂದು ಸಾಧಿಸುವುದಕ್ಕಾಗಿ. ವೇಗವನ್ನು ಯಾರೂ ಅಳೆದಿರಲಿಲ್ಲ. ಆದರೂ ವರ್ಷ ವರ್ಷವೂ ಈ ನ್ಯಾಯವನ್ನು ಬಾಯಿಪಾಠ ಹೇಳಿಸಿದ ನನಗೆ, ದೋಟಿಯೂ ನೂರು ಎಸಳುಗಳ ಒಂದು ಕಟ್ಟೆಂದು ಆ ದಿನ ಹೊಳೆಯಲಿಲ್ಲ. ಕಲಿತುದು ಕಂಠದಲ್ಲಿತ್ತು, ಬುದ್ಧಿಗೆ ಇಳಿದಿರಲಿಲ್ಲ.

ಇರಲಿ, ಲೆಕ್ಕಕ್ಕೆ ಬರೋಣ. ಬಂಟ್ವಾಳದಿಂದ ಮೂಡಬಿದಿರೆಗೆ ನೇರ ಗೆರೆಯೆಳೆದರೆ ಸುಮಾರು 20 ಕಿಲೋಮೀಟರು. ಅಷ್ಟುದ್ದದ ಉಕ್ಕಿನ ಸರಳೊಂದನ್ನು ಮಲಗಿಸಿ ಬಂಟ್ವಾಳದಲ್ಲಿ ಸುತ್ತಿಗೆಯಿಂದ ಬಡಿದರೆ ಮೂಡಬಿದಿರೆಯಲ್ಲಿ ತುದಿ ಅಲುಗುವುದು ನಾಲ್ಕು ಸೆಕೆಂಡುಗಳ ಬಳಿಕ. ಗಾಳಿಯಲ್ಲಿ ಅದೇ ಸದ್ದಿಗೆ ಒಂದು ನಿಮಿಷದಷ್ಟು ಬೇಕು. ಬೆಳಕಿಗೆ ಒಂದು ಸೆಕೆಂಡಿನ ಹದಿನೈದು ಸಾವಿರದಲ್ಲಿ ಒಂದು ಪಾಲು ಸಾಕು. ಇನ್ನು ಹುಡುಗನ ದೋಟಿ. ಚಂದ್ರನು ನಮ್ಮಿಂದ ಸರಾಸರಿ 3,84,400 ಕಿಲೋಮೀಟರು ದೂರದಲ್ಲಿದ್ದಾನೆ. ಬೆಳಕು 1.28 ಸೆಕೆಂಡಿನಲ್ಲಿ ಅಲ್ಲಿಗೆ ಮುಟ್ಟುತ್ತದೆ. ಉಕ್ಕಿನ ದೋಟಿಯ ಬುಡವನ್ನು ಇಂದು ಬೆಳಗ್ಗೆ ಆರು ಗಂಟೆಗೆ ದೂಡಿದರೆ ತುದಿ ಕದಲುವುದು ಸುಮಾರು 21 ಗಂಟೆಗಳು ಕಳೆದು, ನಾಳೆಯ ಬೆಳಗಿನ ಜಾವ ಮೂರು ಗಂಟೆಗೆ.

ನಮ್ಮ ವೇಣೂರಿನಲ್ಲಿ 1604ರಲ್ಲಿ ಅಜಿಲ ವಂಶದ ಅರಸನು ನಿಲ್ಲಿಸಿದ 35 ಅಡಿಯ ಗೊಮ್ಮಟನನ್ನು ನೋಡಿದಾಗ ಈಗ ನನಗೆ ಈ ಲೆಕ್ಕವೇ ನೆನಪಾಗುತ್ತದೆ. ಏಕಶಿಲಾವಿಗ್ರಹವೆಂದು ಕೈಮುಗಿಯುತ್ತೇವೆ. ಆದರೆ ಪಾದಕ್ಕೆ ತಾಗಿದ ಪೆಟ್ಟು ಮುಡಿಗೆ ತಿಳಿಯುವುದಕ್ಕೆ ಸೆಕೆಂಡಿನ ಐನೂರರಲ್ಲಿ ಒಂದು ಪಾಲಿನಷ್ಟಾದರೂ ಹೊತ್ತು ಬೇಕು. ಕಲ್ಲು ಒಂದೇ ಎಂಬುದು ನಮ್ಮ ಕಣ್ಣಿನ ಮಾತು.

ಇಲ್ಲಿ ವಾಚಕರಿಗೆ ಒಂದು ಸಂಶಯ ಬರಬಹುದು. ಉಕ್ಕಿಗಿಂತಲೂ ಬಿರುಸಾದ ಪದಾರ್ಥವನ್ನು ತಂದರೆ? ವಜ್ರದಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 18 ಕಿಲೋಮೀಟರು ಓಡುತ್ತದೆ. ನಾವು ಬಲ್ಲ ಗಟ್ಟಿ ಪದಾರ್ಥಗಳಲ್ಲಿಯೂ ದ್ರವಗಳಲ್ಲಿಯೂ ಶಬ್ದದ ವೇಗವು ಎಷ್ಟೇ ಏರಿದರೂ ಸೆಕೆಂಡಿಗೆ 36 ಕಿಲೋಮೀಟರುಗಳನ್ನು ಮೀರಲಾರದೆಂದು 2020ರಲ್ಲಿ ಕೆಲವು ವಿಜ್ಞಾನಿಗಳು ಗಣಿತದಿಂದ ತೋರಿಸಿದರು. ಅದು ಬೆಳಕಿನ ವೇಗದ ಎಂಟು ಸಾವಿರದಲ್ಲಿ ಒಂದು ಪಾಲೂ ಆಗದು.

ಇದಕ್ಕೆ ಮೂಲವಾದ ಕಾರಣವು ಬಲು ಸೊಗಸಾಗಿದೆ. ಪರಮಾಣುಗಳನ್ನು ಬಿಗಿದಿರುವ ಸ್ಪ್ರಿಂಗೆಂದು ಹೇಳಿದೆನಷ್ಟೆ. ಆ ಬಿಗಿತವು ವಿದ್ಯುತ್ತಿನ ಸೆಳೆತ ತಳ್ಳುಗಳಿಂದ ಆದುದು. ಬೆಳಕೂ ವಿದ್ಯುತ್ತು ಅಯಸ್ಕಾಂತಶಕ್ತಿಗಳ ಅಲೆಯೇ ಎಂದು ಮ್ಯಾಕ್ಸ್‌ವೆಲ್ಲರು 1865ರಲ್ಲಿ ಪ್ರತಿಪಾದಿಸಿದರು. ಆದಕಾರಣ ಒಂದು ಪರಮಾಣು ಪಕ್ಕದ ಪರಮಾಣುವಿಗೆ ‘ನಾನು ಸರಿದೆ’ ಎಂದು ತಿಳಿಸಬೇಕಾದರೂ ಆ ಸುದ್ದಿಯನ್ನು ಹೊರುವುದು ಬೆಳಕಿನ ಬಳಗಕ್ಕೆ ಸೇರಿದ ಓಲೆಕಾರನೇ. ಓಲೆಯು ಓಲೆಕಾರನಿಗಿಂತ ಮೊದಲು ಊರು ಮುಟ್ಟುವುದುಂಟೆ? ಅದರ ಮೇಲೆ ಪ್ರತಿಯೊಂದು ಪರಮಾಣುವೂ ತನ್ನ ಭಾರವನ್ನು ಕದಲಿಸಿಕೊಂಡು ಏಳಬೇಕು. ಪ್ರತಿ ಮನೆಯಲ್ಲಿಯೂ ಓಲೆಕಾರನನ್ನು ಜಗಲಿಯಲ್ಲಿ ಕುಳ್ಳಿರಿಸಿ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬರುವವರಂತೆ ಅವು ತಡಮಾಡುವುದರಿಂದಲೇ ಒತ್ತಡದ ಅಲೆ ಬೆಳಕಿಗಿಂತ ಸಾವಿರಾರು ಪಾಲು ಹಿಂದೆ ಬೀಳುತ್ತದೆ.

ಹಾಗಾದರೆ ಪರಮಾಣುಗಳ ತಂಟೆಯೇ ಇಲ್ಲದ, ಒಂದಿಷ್ಟೂ ಕುಗ್ಗದ, ಬುಡ ಸರಿದೊಡನೆ ತುದಿಯೂ ಸರಿಯುವ ಕೋಲನ್ನು ಮನಸ್ಸಿನಲ್ಲಾದರೂ ಕಲ್ಪಿಸಬಹುದಲ್ಲ ಎಂದು ತಾರ್ಕಿಕರು ಕೇಳುವರು. ಐನ್‌ಸ್ಟೈನರು 1905ರಲ್ಲಿ ಸಾಪೇಕ್ಷವಾದವನ್ನು ಮುಂದಿಟ್ಟ ಕೆಲವೇ ವರ್ಷಗಳಲ್ಲಿ ವಿದ್ವಾಂಸರು ಈ ಪ್ರಶ್ನೆಯನ್ನೂ ಎತ್ತಿದರು. ಅಂತಹ ಪೂರ್ಣಕಠಿಣವಾದ ವಸ್ತುವು ಲೋಕದಲ್ಲಿ ಇರುವುದಕ್ಕೇ ಸಾಧ್ಯವಿಲ್ಲವೆಂದು 1911ರಲ್ಲಿ ಜರ್ಮನಿಯ ಲೌವೆ ಎಂಬವರು ತೋರಿಸಿದರು. ಬೆಳಕನ್ನು ಮೀರಿದ ಸುದ್ದಿ ಒಂದು ಇದ್ದಿದ್ದರೆ, ಅದು ಹೊರಡುವ ಮೊದಲೇ ಮುಟ್ಟಿತೆಂದು ಕಾಣುವ ನೋಟಕರೂ ಇರುತ್ತಿದ್ದರು. ಕಾರಣವು ಕಾರ್ಯಕ್ಕೆ ನಿಯತವಾಗಿ ಮುಂಚೆ ಇರಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಮಗನ ಉಪನಯನದ ತರುವಾಯ ತಂದೆ ಹುಟ್ಟಿದನೆಂದರೆ ಯಾರು ಒಪ್ಪಿಯಾರು? ಬೆಳಕಿನ ವೇಗದ ಎಲ್ಲೆಯು ಈ ಪೌರ್ವಾಪರ್ಯವನ್ನು ಕಾಯುವ ಬೇಲಿ.

ಇಷ್ಟೆಲ್ಲ ತಿಳಿದು ಆಗಬೇಕಾದುದೇನು ಎಂದು ಕೇಳುವವರೂ ಇದ್ದಾರೆ. ನಾವು ನಿಂತ ನೆಲವೇ ಒಂದು ಮಹಾ ದೋಟಿ. 2001ನೆಯ ಜನವರಿ 26ರಂದು ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ಗುಜರಾತಿನ ಭುಜ್ ಸೀಮೆಯಲ್ಲಿ ನೆಲ ಬಿರಿಯಿತು. ಕರ್ನಾಟಕದ ಗೌರಿಬಿದನೂರಿನಲ್ಲಿ, ಭೂಮಿಯ ಅಲುಗಾಟವನ್ನು ಅಳೆಯುವುದಕ್ಕಾಗಿ 1960ರ ದಶಕದಲ್ಲಿ ಹೂಡಿದ ಯಂತ್ರಗಳ ಸಮೂಹವಿದೆ. ಭುಜ್‌ನಿಂದ ಅಲ್ಲಿಗೆ ಸುಮಾರು 1,300 ಕಿಲೋಮೀಟರು. ಭೂಕಂಪದ ಅತಿ ಶೀಘ್ರವಾದ ಅಲೆಯೂ ಬಂಡೆಗಳೊಳಗೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರಿನಂತೆ ಸಾಗುವುದರಿಂದ ಆ ದೂರಕ್ಕೆ ಎರಡೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ವಿದ್ಯುತ್ಸಂದೇಶಕ್ಕೆ ಕಣ್ಣೆವೆ ಇಕ್ಕುವಷ್ಟೂ ಬೇಡ. ಈ ಅಂತರವನ್ನೇ ಹಿಡಿದು ಜಪಾನಿನವರು 2007ರಿಂದ ದೇಶದ ಜನರೆಲ್ಲರಿಗೂ ಮುನ್ನೆಚ್ಚರಿಕೆ ಕೊಡುತ್ತಿದ್ದಾರೆ. ಕಂಪದ ಮೊದಲ ಸೌಮ್ಯವಾದ ಅಲೆಯು ಹತ್ತಿರದ ಯಂತ್ರಗಳಿಗೆ ತಾಗಿದೊಡನೆ ದೂರದೂರಿಗೆ ಸುದ್ದಿ ಹೋಗುತ್ತದೆ. ಕೆಡಹುವ ಅಲೆ ನೆಲದೊಳಗೆ ನಡೆದು ಬರುವಷ್ಟರಲ್ಲಿ ಕೆಲವು ಸೆಕೆಂಡುಗಳು ಸಿಗುತ್ತವೆ. ಮಗುವನ್ನು ಎತ್ತಿಕೊಂಡು ಮೇಜಿನಡಿಗೆ ನುಸುಳಲು ಅಷ್ಟು ಸಾಕು. ಗಟ್ಟಿ ಪದಾರ್ಥವು ತಡಮಾಡುವುದರಿಂದ ಪ್ರಾಣ ಉಳಿಯುವುದೂ ಉಂಟು.

ಕಳೆದ ವರ್ಷ ನಮ್ಮ ತೋಟದ ಕೊಯ್ಲಿಗೆ ಬಂದವನು ಅದೇ ಹುಡುಗ. ಹುಡುಗನೆಂದರೆ, ಕಿವಿಯ ಬಳಿ ಕೂದಲು ನರೆತಿದೆ. ಈಗ ಮರವೇರುವವರು ಕಡಮೆ. ಕಾರ್ಬನ್ ಫೈಬರ್ ದೋಟಿಗಳು ಬಂದು, ನೆಲದಲ್ಲಿ ನಿಂತೇ ಅರುವತ್ತು ಅಡಿ ಎತ್ತರದ ಕೊನೆಯನ್ನು ಇಳಿಸುತ್ತಾರೆ. ಕಪ್ಪು ದೋಟಿಯನ್ನು ಮರಕ್ಕೊರಗಿಸಿ, “ಮಾಸ್ಟ್ರಿಗೆ ಗುರುತು ಸಿಕ್ಕಿತಾ?” ಎಂದು ನಕ್ಕ. ನಾನು, “ನಿನಗೊಂದು ಉತ್ತರ ಬಾಕಿಯಿದೆ” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಪ್ರಶ್ನೆ ನನಗೆ ಮರೆತೇ ಹೋಗಿತ್ತು ಮಾಸ್ಟ್ರೇ. ಅಪ್ಪನ ಹೆಸರು ಎತ್ತಿದ್ದು ಮರೆಯಲಿಲ್ಲ” ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ತಪ್ಪಾಯಿತೆಂದು ಹೇಳಿದೆ. ಆಮೇಲೆ ಅಂಗಳದ ಅಡಿಕೆಯ ರಾಶಿಯ ಪಕ್ಕದಲ್ಲಿ ಕುಳಿತು ಸರಕುಗಾಡಿಯಿಂದ ಮೊದಲುಮಾಡಿ ಎಲ್ಲವನ್ನೂ ವಿವರಿಸಿದೆ. ಅವನು ಕೇಳಿ ತಲೆದೂಗಿದ.

“ಸರಿಯೇ. ಬಿದಿರಿನ ದೋಟಿಯ ಬುಡ ಎಳೆದರೆ ತುದಿ ಒಂದು ಗಳಿಗೆ ಯೋಚನೆ ಮಾಡಿಯೇ ಬರುತ್ತಿತ್ತು. ಈ ಕಪ್ಪು ದೋಟಿ ಯೋಚನೆ ಮಾಡುವುದಿಲ್ಲ ಅಂತ ಎಣಿಸಿದ್ದೆ. ಇದೂ ಮಾಡುತ್ತದೆ, ನಮಗೆ ಕಾಣುವುದಿಲ್ಲ, ಅಲ್ಲವಾ?”

ಬಿದಿರು ಬಾಗಿ ಬಳುಕುವುದರಿಂದಾಗುವ ತಡವು ಒತ್ತಡದ ಅಲೆಯ ತಡಕ್ಕಿಂತ ಬಹಳ ದೊಡ್ಡದು; ಆದುದರಿಂದಲೇ ಅದು ಕಣ್ಣಿಗೆ ಬೀಳುತ್ತದೆ. ಆದರೆ ತತ್ತ್ವದಲ್ಲಿ ಅವನ ಮಾತಿಗೆ ಕೂಡಿಸಬೇಕಾದುದು ನನಗೆ ಏನೂ ಕಾಣಲಿಲ್ಲ. ಆ ಅರುವತ್ತು ಅಡಿಯ ದೋಟಿಯ ಯೋಚನೆ ಸೆಕೆಂಡಿನ ಕೆಲವು ಸಾವಿರದ ಪಾಲು. ಅಂದು ಅವನನ್ನು ನಿಲ್ಲಿಸಿಕೊಂಡು, ನಿನ್ನ ದೋಟಿಯ ತುದಿ ನಿಜವಾಗಿ ಆಗಲೇ ಬರುತ್ತದೆಯೇ, ನೋಡಿ ಹೇಳು ಎಂದು ಒಂದು ಮಾತು ಕೇಳಿದ್ದರೆ, ಉತ್ತರವನ್ನು ಅವನೇ ನನಗೆ ಕೊಡುತ್ತಿದ್ದನೇನೋ.

ಹೊರಡುವಾಗ, “ಮಗಳು ಎಂಟನೆಯದರಲ್ಲಿದ್ದಾಳೆ, ಭಾನುವಾರ ಕಳುಹಿಸುತ್ತೇನೆ. ಇದನ್ನು ಅವಳಿಗೂ ಹೇಳಿ” ಎಂದ. ಹುಡುಗಿ ಬಂದಳು, ಎಲ್ಲವನ್ನೂ ಕೇಳಿದಳು. ಕೇಳಿ, “ಅಜ್ಜಾ, ದೋಟಿ ಬೇಡ. ಒಂದು ದೊಡ್ಡ ಟಾರ್ಚಿನ ಬೆಳಕನ್ನು ಚಂದ್ರನ ಈ ಅಂಚಿನಿಂದ ಆ ಅಂಚಿಗೆ ಪಕ್ಕನೆ ತಿರುಗಿಸಿದರೆ? ಆ ಬೆಳಕಿನ ಚುಕ್ಕೆ ಬೆಳಕಿಗಿಂತ ಬೇಗ ಹೋಗುವುದಿಲ್ಲವಾ?” ಎಂದಳು.

ಚಂದ್ರನ ಅಡ್ಡಗಲ 3,474 ಕಿಲೋಮೀಟರು. ಸೆಕೆಂಡಿನ ನೂರರಲ್ಲಿ ಒಂದು ಪಾಲಿನೊಳಗೆ ಟಾರ್ಚನ್ನು ತಿರುಗಿಸಿದರೆ ಚುಕ್ಕೆಯು ಬೆಳಕಿನ ವೇಗವನ್ನು ಮೀರಲೇಬೇಕು. ನನಗೆ ಉತ್ತರ ತಿಳಿಯಲಿಲ್ಲ. “ನನಗೆ ಗೊತ್ತಿಲ್ಲ ಮಗೂ. ಒಂದು ವಾರ ಕೊಡು, ಕೇಳಿ ಹೇಳುತ್ತೇನೆ” ಎಂದೆ. ಮೂವತ್ತೈದು ವರ್ಷ ಪಾಠ ಹೇಳಿದ ಬಾಯಿಗೆ ಆ ಮಾತು ಬಲು ಹೊಸದು.

ಮಿತ್ರರನ್ನು ಕೇಳಿ ತಿಳಿದೆ. ಚುಕ್ಕೆಯು ಮೀರುವುದು ನಿಜ. ಆದರೆ ಈ ಅಂಚಿನಿಂದ ಆ ಅಂಚಿಗೆ ಹೋಗುವ ವಸ್ತು ಅಲ್ಲಿ ಯಾವುದೂ ಇಲ್ಲ. ಪ್ರತಿಯೊಂದು ಬೆಳಕಿನ ಕಣವೂ ಟಾರ್ಚಿನಿಂದ ಬೇರೆಬೇರೆಯಾಗಿ ಹೊರಟು ತನ್ನ ತನ್ನ ವೇಗದಲ್ಲಿಯೇ ಬಂದು ಬಿದ್ದಿರುತ್ತದೆ. ಈ ಅಂಚಿನಲ್ಲಿ ನಿಂತವನು ಚುಕ್ಕೆಯ ಕೈಯಲ್ಲಿ ಆ ಅಂಚಿನವನಿಗೆ ಒಂದು ಅಕ್ಷರದ ಸುದ್ದಿಯನ್ನೂ ಕಳುಹಿಸಲಾರ. ಮುಂದಿನ ಭಾನುವಾರ ಹುಡುಗಿಗೆ ಇಷ್ಟನ್ನೂ ಹೇಳಿದೆ. ಅವಳು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಯೋಚನೆ ಮಾಡಿ ಬರುವ ವಾರ ಬರುತ್ತೇನೆಂದು ಹೇಳಿ ಹೋಗಿದ್ದಾಳೆ.